ಸುರಂಗ ಬಾವಿಯ ಕಾರ್ಡುಗಳು: ಮೂರನೇ ತಿಂಗಳು

ಬೀದರಿನ ಸುರಂಗ ಬಾವಿಗಳ (ಕರೇಜ್: ನೆಲದಡಿ ಸುರಂಗ ಕೊರೆದು ನೀರು ಹರಿಸುವ, ಮೇಲಿಂದ ಅಲ್ಲಲ್ಲಿ ಬಾವಿ ತೋಡಿದ ಹಳೇ ಏರ್ಪಾಡು) ಬಗ್ಗೆ ಉದ್ದನೆಯ ಲೇಖನ ಬರೆಯಬೇಕೆಂದು ವರ್ಷಗಳಿಂದ ಟಿಪ್ಪಣಿ ಕೂಡಿಹಾಕುತ್ತಿದ್ದೇನೆ. ಈಗ ಎಲ್ಲವನ್ನೂ ಅಬ್ಸಿಡಿಯನ್ ಎಂಬ ಟಿಪ್ಪಣಿ ಆ್ಯಪ್‌ಗೆ ಚಿಕ್ಕ ಚಿಕ್ಕ ಕಾರ್ಡುಗಳಾಗಿ ತರುವ ಕೆಲಸ ನಡೆದಿದೆ. ಇವತ್ತಿಗೆ 214 ಕಾರ್ಡು ಆಯ್ತು.

ಈ ತಿಂಗಳಲ್ಲಿ ಅರ್ಧ, 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲುಗಳಿಗೇ ಹೋಯಿತು. ಅವು ಯುನಿಕೋಡ್ ಅಲ್ಲ. ಹಾಗೇ ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ. ಪರಿವರ್ತಕಕ್ಕೆ ಹಾಕಿದೆ, ಬಹಳಷ್ಟು ಸರಿಯಾಗಿ ಬಂತು. ಆಮೇಲೆ 'ಅಂತರ್ಜಲ' ಅಂತ ಹುಡುಕಿದರೆ ಮೂರೇ ಕಾರ್ಡು! ನೀರಿನ ಬಗ್ಗೆಯೇ ಇರುವ ಕಡತದಲ್ಲಿ ಬರೀ ಮೂರು? ಒಂದು ಕಾರ್ಡು ತೆರೆದು ನೋಡಿದೆ. 'ಅಂತಜರ್ಲ' ಅಂತಿತ್ತು. ಹಳೇ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರ ಆದಮೇಲೆ ಕೂರುತ್ತದೆ, ಯುನಿಕೋಡ್‌ನಲ್ಲಿ ಅದರ ರ್ ಆ ಅಕ್ಷರಕ್ಕಿಂತ ಮೊದಲೇ ಬರಬೇಕು. ಅಲ್ಲೇ ಎಡವಟ್ಟಾಗಿದೆ. ಅರ್ಕಾವತ್ತು ಇರುವ ಮಾತುಗಳನ್ನೆಲ್ಲ ಒಂದೊಂದಾಗಿ ತಿದ್ದಲು ನಾಲ್ಕು ಸಂಜೆ ಹಿಡಿಯಿತು. ಹಳೇ ಫೈಲು ಇರುವವರು ಮೊದಲು ಇದನ್ನೇ ನೋಡಿಕೊಳ್ಳಿ.

ಕರೇಜ್, ಕಾರೇಜ್, ಕರೇಝ್ ಅಂತ ನಾನೇ ಮೂರು ಥರ ಬರೆದಿದ್ದೆ. ಒಂದನ್ನು ಇಟ್ಟುಕೊಂಡು ಉಳಿದವನ್ನು ಅದೇ ಕಾರ್ಡಿನ ಅಲಿಯಾಸ್‌ಗೆ, ಅಂದರೆ ಬೇರೆ ಹೆಸರುಗಳ ಪಟ್ಟಿಗೆ, ಸೇರಿಸಿದೆ.

ಒಂದು ಕಾರ್ಡಿಗೆ ಒಂದೇ ವಿಚಾರ, ಅದೂ ನನ್ನ ಮಾತಿನಲ್ಲಿ. ಈ ನಿಯಮ ಮಾತ್ರ ಬಿಟ್ಟಿಲ್ಲ. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಕಾಗದದ ಮೇಲೆ ಸುಮಾರು 90,000 ಚೀಟಿ ಬರೆದು, ಒಂದರಿಂದ ಇನ್ನೊಂದಕ್ಕೆ ನಂಬರಿನಲ್ಲೇ ದಾರಿ ಹಾಕಿಟ್ಟಿದ್ದರು. ನನಗೆ ಅಷ್ಟು ಬೇಡ. ದಾರಿ ಇದ್ದರೆ ಸಾಕು.

ಆ ದಾರಿಯ ಬೆಲೆ ಹೋದ ಭಾನುವಾರ ಗೊತ್ತಾಯಿತು. ಅಬ್ಸಿಡಿಯನ್‌ನ ಕ್ಯಾನ್ವಾಸ್‌ನಲ್ಲಿ, ಅಂದರೆ ಕಾರ್ಡು ಹರಡಿ ನೋಡುವ ಹಲಗೆಯಲ್ಲಿ, ಮೂರು ಕಾರ್ಡು ಪಕ್ಕಪಕ್ಕ ಇಟ್ಟಿದ್ದೆ. ಒಂದರಲ್ಲಿ: ನಮ್ಮ ಕೆಂಪು ಜಂಬಿಟ್ಟಿಗೆ ಕಲ್ಲು ಮಳೆನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಎರಡನೆಯದರಲ್ಲಿ: ಕೆಳಗಿನ ಕಪ್ಪು ಕಲ್ಲು ಆ ನೀರನ್ನು ತಡೆಯುತ್ತದೆ. ಮೂರನೆಯದು ಬೀದರಿನ ಪಕ್ಕದ ನೌಬಾದ್‌ನಲ್ಲಿ ಸುರಂಗ ಬಾವಿಯ ಬಾಯಿಗೆ ಬಗ್ಗಿ ನೋಡಿದ ದಿನ ಬರೆದದ್ದು: 'ಗೋಡೆ ಒದ್ದೆ, ಮಳೆ ನಿಂತು ತಿಂಗಳಾಗಿದೆ.' ಮೂರೂ ಬೇರೆ ಬೇರೆ ವರ್ಷದವು. ಒಟ್ಟಿಗೆ ಇಟ್ಟಾಗ ಮೈ ಜುಮ್ಮೆಂದಿತು. ನನ್ನ ಹಳೇ ಕರಡು ಬಹಮನಿ ಸುಲ್ತಾನರಿಂದ, ಪರ್ಷಿಯಾದಿಂದ ಬಂದ ಸುರಂಗ ವಿದ್ಯೆಯಿಂದ ಶುರುವಾಗುತ್ತಿತ್ತು. ಆ ವಿದ್ಯೆ ಇಲ್ಲಿ ಹಿಡಿದದ್ದು ಈ ನೆಲ ಹೀಗಿದ್ದದ್ದಕ್ಕೇ ಅಲ್ವಾ? ಈಗ ಲೇಖನ ಕಲ್ಲಿನಿಂದ ಶುರು, ಸುಲ್ತಾನರು ಎರಡನೇ ಭಾಗಕ್ಕೆ.

ಉಳಿದ ತೊಡಕು ಇಸವಿಯದು. ರಾಜಧಾನಿ ಕಲಬುರಗಿಯಿಂದ ಬೀದರಿಗೆ ಬಂದದ್ದು ಒಂದು ಕಡೆ 1424, ಇನ್ನೊಂದು ಕಡೆ 1432. ಸುಮ್ನೆ ಒಂದನ್ನು ಆರಿಸಲು ಮನಸ್ಸಾಗಲಿಲ್ಲ. ಎರಡಕ್ಕೂ ಬೇರೆ ಕಾರ್ಡು ಮಾಡಿ, ಯಾವ ಪುಸ್ತಕ, ಎಷ್ಟನೇ ಪುಟ ಅಂತ ಬರೆದಿಟ್ಟೆ.

ಮುಂದಿನ ವಾರ ನೌಬಾದ್‌ಗೆ ಮತ್ತೆ ಹೋಗಬೇಕು. ಆ ಒದ್ದೆ ಗೋಡೆಯ ಕಾರ್ಡಿಗೆ ಒಂದು ಫೋಟೋ ಇಲ್ಲ.