ಕೊನೆಗೂ ದೇವಿಮನೆ ಘಟ್ಟ ಹತ್ತಿದ ಸಿಜೆ3ಬಿ

ಹತ್ತಿತು ಮಾರಾಯ್ರೆ, ನನ್ನ ಹಳೇ ಪೆಟ್ರೋಲ್ ಜೀಪು ಸಿಜೆ3ಬಿ! ಮಟಮಟ ಮಧ್ಯಾಹ್ನ, ಹಿಂದೆ ಗೊಬ್ಬರದ ಚೀಲ ಹೇರಿಕೊಂಡು, ಕುಮಟಾ-ಶಿರಸಿ ದಾರಿಯಲ್ಲಿ ಕತಗಾಲದಿಂದ ದೇವಿಮನೆ ತುದಿಯವರೆಗೆ ಎಲ್ಲೂ ನಿಲ್ಲದೆ ಹತ್ತಿತು. ಮೇಲೆ ಹೋಗಿ ನಾನೇ ಬಾನೆಟ್ ಎತ್ತಿ ನೋಡಿದೆ. ಕೆಟ್ಟಿದ್ದಕ್ಕಲ್ಲ, ಸುಮ್ನೆ ಅಭ್ಯಾಸಬಲ.

ಬಾಡಿ ಕೆಲಸದ ಬಗ್ಗೆ ಬರೆಯುವುದಿಲ್ಲ. ಕುಮಟಾ, ಕಾರವಾರದ ಉಪ್ಪುಗಾಳಿಯಲ್ಲಿ ಗಾಡಿ ಇಟ್ಟುಕೊಂಡವರಿಗೆ ತುಕ್ಕಿನ ಪಾಠ ಬೇಡ. ಟಬ್ ಅಂದರೆ ಬಾಡಿಯ ತೊಟ್ಟಿ, ಅದರ ಅಡಿಯ ಆಧಾರದ ಪಟ್ಟಿಗಳು (ಹ್ಯಾಟ್ ಚಾನೆಲ್) ಎಲ್ಲ ಹೊಸದು, ಫ್ಲೋರ್ ಹೊಸದು, ಪೇಂಟ್ ಆಯ್ತು, ಬ್ರೇಕ್ ಆಯ್ತು. ಇಂದಿನ ಗೋಳು ಪೆಟ್ರೋಲಿನದ್ದು ಮಾತ್ರ.

ಘಟ್ಟದ ಮೇಲೆ ಶಿರಸಿ ಕಡೆ ಹಳೇ ಜೀಪುಗಳಿಗೆ ಬರವಿಲ್ಲ, ಆದರೆ ಹೆಚ್ಚಿನವಕ್ಕೆ ಯಾವತ್ತೋ ಡೀಸೆಲ್ ಎಂಜಿನ್ ಕೂರಿಸಿಬಿಟ್ಟಿದ್ದಾರೆ. ನನ್ನದು ತೋಟದ ಶೆಡ್ಡಿನಲ್ಲಿ ಮರೆತು ಬಿದ್ದಿದ್ದರಿಂದ ಬಚಾವಾಗಿದೆ. ಅದೇ ಹರಿಕೇನ್ ಎಫ್-ಹೆಡ್ ಎಂಜಿನ್, 2.2 ಲೀಟರ್. ಎಫ್-ಹೆಡ್ ಅಂದರೆ ಇನ್‌ಟೇಕ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ. ಈ ಎತ್ತರದ ಎಂಜಿನ್ ಹಿಡಿಸಬೇಕು ಅಂತಲೇ 1953ರಲ್ಲಿ ಮೂಲ ಜೀಪು ಮಾಡುತ್ತಿದ್ದ ಅಮೆರಿಕದ ವಿಲ್ಲಿಸ್‌ನವರು ಬಾನೆಟ್ ಎತ್ತರಿಸಿದ್ದು, ಆ ಮುಖವೇ ಮಹೀಂದ್ರಾದಲ್ಲಿ ದಶಕಗಟ್ಟಲೆ ಉಳಿಯಿತು. ಚಂದ ಅಂತ ಕೆಲವರು ಹೇಳುವುದಿಲ್ಲ. ನಾನು ಹೇಳುತ್ತೇನೆ.

ತೊಂದರೆ ಏನೆಂದರೆ, ಹೆದ್ದಾರಿಯಲ್ಲಿ ಗಾಡಿ ಬೆಣ್ಣೆಯ ಹಾಗೆ ಓಡುತ್ತಿತ್ತು. ಹೊನ್ನಾವರಕ್ಕೆ ಹೋಗಿ ಬಾ, ಗೋಕರ್ಣಕ್ಕೆ ಹೋಗಿ ಬಾ, ಒಂದು ಕೆಮ್ಮೂ ಇಲ್ಲ. ಘಟ್ಟದಲ್ಲಿ ಸೆಕೆಂಡ್ ಗೇರಿಗೆ ಹಾಕಿ ಒತ್ತಲು ಶುರುಮಾಡಿ ಸ್ವಲ್ಪ ಹೊತ್ತಿಗೆ ಮುಗ್ಗರಿಸುತ್ತಿತ್ತು, ಆಮೇಲೆ ನಿಂತೇ ಬಿಡುತ್ತಿತ್ತು. ಕಲ್ಲು ಇಟ್ಟು, ಬೆವರು ಒರೆಸಿ, ಅರ್ಧ ಬಾಟಲಿ ನೀರು ಕುಡಿಯುವಷ್ಟರಲ್ಲಿ ಮತ್ತೆ ಏನೂ ಆಗದವರಂತೆ ಸ್ಟಾರ್ಟ್.

ಘಟ್ಟದಲ್ಲಿ ಹಳೇ ಜೀಪು ನಿಲ್ಲಿಸಿದರೆ ಸಲಹೆಗೆ ಕೊರತೆಯಿಲ್ಲ. ಲಾರಿಯವರು ಇಗ್ನಿಷನ್ನಿನ ಕಂಡೆನ್ಸರ್ ಅಂದರು. ಬದಲಿಸಿದೆ. ಬೈಕಿನವನೊಬ್ಬ ಸ್ಪಾರ್ಕಿಗೆ ಕರೆಂಟ್ ಕೊಡುವ ಕಾಯಿಲ್ ಅಂದ. ಅದನ್ನೂ ಬದಲಿಸಿದೆ, ಸ್ಪಾರ್ಕ್ ನೀಲಿಯಾಗಿ ಚಟಚಟ ಅನ್ನುತ್ತಿದ್ದರೂ. ಹಿರಿಯರೊಬ್ಬರು ವೇಪರ್ ಲಾಕ್, ಅಂದರೆ ಬಿಸಿಗೆ ಪೆಟ್ರೋಲ್ ಆವಿಯಾಗಿ ದಾರಿ ಕಟ್ಟುವುದು, ಪೆಟ್ರೋಲ್ ಎಳೆಯುವ ಪಂಪಿಗೆ ಒದ್ದೆ ಗೋಣಿ ಸುತ್ತು ಅಂದರು. ಇದು ತೆಗೆದುಹಾಕುವ ಮಾತಲ್ಲ. ಎಫ್-ಹೆಡ್‌ನಲ್ಲಿ ಪಂಪ್ ಇರುವುದು ಬಿಸಿ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬದಿಯಲ್ಲೇ, ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥೆನಾಲ್ (ಅದೇ ಇ20), ಎಥೆನಾಲ್ ಕುದಿಯುವುದು 78 ಡಿಗ್ರಿಗೆ. ಗೋಣಿ ಸುತ್ತಿದೆ. ಜೀಪು ಮದುವೆಗೆ ಹೊರಟ ಹಾಗೆ ಕಂಡಿತು, ಅದೇ ತಿರುವಿನ ಆಸುಪಾಸಿನಲ್ಲಿ ನಿಂತಿತು.

ಇನ್ನು ಊಹೆ ಸಾಕು, ದಾರಿಯನ್ನು ಅರ್ಧ ಅರ್ಧ ಮಾಡಿ ಹುಡುಕುವುದು ಅಂತ ಹೊರಟೆ. ಗೆಳೆಯನ ಅಟ್ಟದಲ್ಲಿದ್ದ ರಾಜದೂತ್ ಬೈಕಿನ ಟ್ಯಾಂಕ್ ತಂದು, ಮೇಲೆ ಛಾವಣಿಯ ಹುಡ್ ಕಂಬಿಗೆ ಬಿಗಿದು, ಅದರ ನಲ್ಲಿಯಿಂದ ಸೀದಾ ಕಾರ್ಬುರೇಟರಿಗೆ ಪೆಟ್ರೋಲ್ ಇಳಿಸಿದೆ. ಗೆಳೆಯ ಬೆಂಕಿ ಆರಿಸುವ ಸಿಲಿಂಡರ್ ತಬ್ಬಿಕೊಂಡು ಪಕ್ಕದಲ್ಲಿ ಕೂತಿದ್ದ, ಮಾತಿಲ್ಲ. ಗಾಡಿ ಪೂರ್ತಿ ಘಟ್ಟ ಹತ್ತಿತು! ಅಂದರೆ ಕಾರ್ಬುರೇಟರ್, ಇಗ್ನಿಷನ್ ಎಲ್ಲ ನಿರಪರಾಧಿಗಳು. ಮುಂದಿನ ಸಲ ಅದೇ ಟ್ಯಾಂಕನ್ನು ಕೆಳಗೆ ಫ್ಲೋರಿನಲ್ಲಿಟ್ಟು ಪಂಪಿನ ಬಾಯಿಗೆ ಜೋಡಿಸಿದೆ. ಈಗ ಪಂಪೇ ಎಳೆದುಕೊಳ್ಳಬೇಕು. ಆಗಲೂ ಹತ್ತಿತು. ಪಂಪೂ ಬಚಾವ್, ವೇಪರ್ ಲಾಕ್ ವಾದವೂ ಬಿತ್ತು. ಉಳಿದದ್ದು ಡ್ರೈವರ್ ಸೀಟಿನಡಿಯ ಟ್ಯಾಂಕಿನಿಂದ ಪಂಪಿನವರೆಗಿನ ದಾರಿ.

ಸಣ್ಣ ದಾರಿ, ಅಲ್ವಾ? ಅಲ್ಲೇ ತಲೆ ಕೆಟ್ಟಿದ್ದು. ಟ್ಯಾಂಕಿನ ಮುಚ್ಚಳ ಗಾಳಿ ಬಿಡುತ್ತಿಲ್ಲವೇನೋ ಅಂತ ಸಡಿಲ ಬಿಟ್ಟು ಓಡಿಸಿದೆ, ಸೀಟು ಪೆಟ್ರೋಲ್ ಕುಡಿಯಿತು ಅಷ್ಟೆ. ಟ್ಯಾಂಕಿನೊಳಗಿಂದ ಪೆಟ್ರೋಲ್ ಎತ್ತುವ ಪಿಕಪ್ ಪೈಪ್ ಕ್ಲೀನ್. ಕಬ್ಬಿಣದ ಲೈನ್ ಕ್ಲೀನ್. ರಬ್ಬರ್ ಹೋಸಿಗೆ ಕಂಪ್ರೆಸರ್ ಗಾಳಿ ಬಿಟ್ಟರೆ ಸುಯ್ ಅಂತ ಹೋಗುತ್ತದೆ. ಹೊಸ ಹೋಸ್ ಅದು, ಹೊರಗೆ ಪಳಪಳ ಹೊಳೆಯುತ್ತಿತ್ತು.

ಕೊನೆಗೆ ಊದುವುದು ಬಿಟ್ಟು ಎಳೆದು ನೋಡಿದೆ. ಹೋಸಿನ ಒಂದು ತುದಿ ಪೆಟ್ರೋಲಿನಲ್ಲಿಟ್ಟು, ಇನ್ನೊಂದಕ್ಕೆ ಬ್ರೇಕ್ ಲೈನಿನ ಗಾಳಿ ತೆಗೆಯುವ ವ್ಯಾಕ್ಯೂಮ್ ಪಂಪ್ ಸಿಕ್ಕಿಸಿದೆ. ಮೆಲ್ಲಗೆ ಎಳೆದರೆ ಪೆಟ್ರೋಲ್ ಬರುತ್ತದೆ. ಜೋರಾಗಿ ಎಳೆದರೆ ಬಂದ್! ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಒಳಗಿನ ಪದರ ಉಬ್ಬಿ, ಹೊರಗಿನದರಿಂದ ಬಿಟ್ಟುಕೊಂಡು, ನಾಲಿಗೆ ಚಾಚಿ ಕೂತಿದೆ. ಗಾಳಿ ಊದಿದರೆ ಪದರ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತದೆ, ಪಂಪ್ ಜೋರಾಗಿ ಎಳೆದರೆ ಮಡಚಿ ಮುಚ್ಚುತ್ತದೆ. ಹೆದ್ದಾರಿಯಲ್ಲಿ ಎಂಜಿನ್ ಕೇಳುವುದು ಕಡಿಮೆ, ಹೇಗೋ ಸಾಗುತ್ತಿತ್ತು. ಘಟ್ಟದಲ್ಲಿ ಕೇಳುವುದು ಜಾಸ್ತಿ, ಸಿಗುವುದು ಕಡಿಮೆ, ಕಾರ್ಬುರೇಟರಿನ ಪೆಟ್ರೋಲ್ ಬಟ್ಟಲು (ಫ್ಲೋಟ್ ಬೌಲ್) ಖಾಲಿ. ನಿಲ್ಲಿಸಿ ಬಿಟ್ಟರೆ ಎಳೆತ ನಿಂತು ನಾಲಿಗೆ ಮತ್ತೆ ಒಳಗೆ.

ಈ ಹೋಸನ್ನು ಮಾರಿದವನ ಹೆಸರು ಬೇಡ. 'ಒರಿಜಿನಲ್ ಸರ್, ಇ20ಗೂ ನಡೆಯುತ್ತೆ' ಅಂತ ಕೊಟ್ಟ, ಬಿಲ್ ಕೇಳಿದರೆ ಮುಂದಿನ ವಾರ ಅಂದ. ಆ ವಾರ ಇನ್ನೂ ಬಂದಿಲ್ಲ. ಹೋಸಿನ ಮೇಲೆ 'ಫ್ಯುಯೆಲ್' ಅಂತ ಒಂದೇ ಪದ, ಯಾವ ಸ್ಟ್ಯಾಂಡರ್ಡೂ ಇಲ್ಲ. ಹಾಗಿದ್ದರೆ ಮುಟ್ಟಬೇಡಿ. ಈಗ ಹಾಕಿದ್ದು ಎಸ್‌ಎಇ ಜೆ30 ಆರ್9 ಸ್ಟ್ಯಾಂಡರ್ಡಿನದು, ಒಳಪದರ ಫ್ಲೋರೋ ರಬ್ಬರಿನದು, ಎಥೆನಾಲ್ ತಡೆಯುತ್ತದೆ. ಬೆಲೆ ಕೇಳಿದರೆ ಹೋಸ್ ಬೇಡ, ಎತ್ತಿನಗಾಡಿ ಸಾಕು ಅನ್ನಿಸುತ್ತದೆ, ಆದರೂ ಅದನ್ನೇ ಹಾಕಿ. ನಮ್ಮ ಕಡೆಗೆ ಇನ್ನೊಂದು ಮಾತು: ಮಳೆಗಾಲದಲ್ಲಿ ಗಾಡಿ ನಿಲ್ಲಿಸಿಡುವವರು ಟ್ಯಾಂಕ್ ಖಾಲಿ ಮಾಡಿ ಒಣಗಿಸಿ. ಎಥೆನಾಲ್ ನಮ್ಮ ಜೂನ್-ಜುಲೈ ಗಾಳಿಯಿಂದಲೇ ನೀರು ಹೀರುತ್ತದೆ, ಜಾಸ್ತಿಯಾದರೆ ಬೇರ್ಪಟ್ಟು ತಳಕ್ಕಿಳಿದು ಕಬ್ಬಿಣದ ಟ್ಯಾಂಕನ್ನು ಒಳಗಿನಿಂದ ತಿನ್ನುತ್ತದೆ.

ಅಂದ ಹಾಗೆ, ಅಂಕೋಲಾ ಕಡೆ ಒಂದು ಮೂತಿ ಲಾರಿ ಕಂಡಿದ್ದೇನೆ. ಟಾಟಾ, ಆದರೆ ಮೂತಿಯ ಮೇಲೆ ಬೆಂಜ್ ನಕ್ಷತ್ರ! 1954ರಿಂದ 1969ರವರೆಗೆ ಟಾಟಾ ಮತ್ತು ಡೈಮ್ಲರ್-ಬೆಂಜ್ ಒಪ್ಪಂದ ಇತ್ತಲ್ಲ, ಆ ಕಾಲದ್ದು. ಕ್ಯಾಬಿನ್ ಒಳಗಿಂದ ಹಲಸಿನ ಗಿಡ ಎದ್ದಿದೆ, ಚಾಸಿ ಮಾತ್ರ ಗಟ್ಟಿ. 50 ವರ್ಷ ದಾಟಿದ್ದಕ್ಕೆ ವಿಂಟೇಜ್ ನೋಂದಣಿ ಮಾಡಿಸು ಅಂತ ಗೆಳೆಯನ ಉಪದೇಶ. 2021ರ ಆ ನಿಯಮ ಲಾರಿಗೆ ಅನ್ವಯಿಸುತ್ತದೋ ಗೊತ್ತಿಲ್ಲ, ಅನ್ವಯಿಸಿದರೂ ದಿನನಿತ್ಯ ರಸ್ತೆಗೆ ಇಳಿಸುವಂತಿಲ್ಲ. ಲಾರಿ ತಂದು ಹೂವಿನ ಕುಂಡದಂತೆ ಇಟ್ಟುಕೊಳ್ಳಲಾ? ಮನೆಯಲ್ಲಿ ಈ ವಿಷಯ ಇನ್ನೂ ಎತ್ತಿಲ್ಲ.

ಅದಕ್ಕೂ ಮೊದಲು ವೈಪರ್. ನನ್ನದರಲ್ಲಿ ಇನ್ನೂ ವ್ಯಾಕ್ಯೂಮ್ ವೈಪರ್ ಇದೆ, ಎಂಜಿನ್ನಿನ ಎಳೆತದಲ್ಲೇ ಓಡುವಂಥದ್ದು. ಎಕ್ಸಲರೇಟರ್ ಪೂರ್ತಿ ಒತ್ತಿದರೆ ಎಳೆತ ಬಿದ್ದುಹೋಗಿ ವೈಪರ್ ನಿಲ್ಲುತ್ತದೆ, ಅಂದರೆ ಆಷಾಢದ ಮಳೆಯಲ್ಲಿ ಘಟ್ಟ ಹತ್ತುವಾಗಲೇ ಕೈಕೊಡುತ್ತದೆ. ಪೆಟ್ರೋಲನ್ನೂ ವೈಪರಿನ ಎಳೆತವನ್ನೂ ನೋಡಿಕೊಳ್ಳುವ ಡಬಲ್ ಆ್ಯಕ್ಷನ್ ಪಂಪ್ ಹಾಕಿದರೆ ಸರಿಯಾಗುತ್ತದೆ, ಅದರಲ್ಲಿ ಒಂದು ಡಯಾಫ್ರಂ ವೈಪರಿಗೆ ಅಂತಲೇ ಇರುವುದು. ಕೆಲಸ ಮಾಡುವ ಪಂಪ್ ಯಾರ ಶೆಡ್ಡಿನಲ್ಲಾದರೂ ಇದ್ದರೆ ಹೇಳಿ. ಇಲೆಕ್ಟ್ರಿಕ್ ಮೋಟರ್ ಹಾಕು ಅಂತ ಮಾತ್ರ ಹೇಳಬೇಡಿ.