ಬೆಂಗಳೂರಾಗ ಸಿಗಂಗಿಲ್ಲೇನ್ರಿ?

ಹಲಸಂಗಿಯ ಕವಿ ಮಧುರಚೆನ್ನರ ‘ನನ್ನ ನಲ್ಲ’ ಕವನ ಸಂಕಲನ ಬಂದದ್ದು 1933ರಲ್ಲಿ. ಅದರ ಮೊದಲ ಮುದ್ರಣದ ಪ್ರತಿಗಳು ಇನ್ನೂ ಯಾರ ಹತ್ತಿರ ಉಳಿದಿವೆ ಅಂತ ನಾನು ಹುಡುಕುತ್ತಿರುವುದು ವಿಜಯಪುರದಲ್ಲಿ ಪರಿಚಯದವರಿಗೆಲ್ಲ ಗೊತ್ತು. ಕಂಡಾಗಲೆಲ್ಲ ಒಂದೇ ಮಾತು: “ಬೆಂಗಳೂರಾಗ ದೊಡ್ಡ ದೊಡ್ಡ ಲೈಬ್ರರಿ ಅದಾವಲ್ರಿ, ಅಲ್ಲಿ ಸಿಗಂಗಿಲ್ಲೇನು?”

ಸಿಕ್ಕರೆ ಸಂತೋಷವೇ. ಆದರೆ ಆಗ ಹಲಸಂಗಿ, ಬಿಜಾಪುರ, ಬೆಳಗಾವಿ, ಧಾರವಾಡ ಎಲ್ಲ ಇದ್ದದ್ದು ಮುಂಬಯಿ ಪ್ರಾಂತದಲ್ಲಿ. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. 1867ರ ಪುಸ್ತಕ ನೋಂದಣಿ ಕಾಯ್ದೆಯಂತೆ ಮುದ್ರಕರು ಹೊಸ ಪುಸ್ತಕವನ್ನು ಒಪ್ಪಿಸಬೇಕಾಗಿದ್ದದ್ದು ತಮ್ಮ ಪ್ರಾಂತದ ಸರ್ಕಾರಕ್ಕೆ. ಮುಂಬಯಿ ಸರ್ಕಾರ ಮೂರು ತಿಂಗಳಿಗೊಮ್ಮೆ ಅವುಗಳ ಪಟ್ಟಿ ಹೊರಡಿಸುತ್ತಿತ್ತು. ಮುದ್ರಕರು ಯಾರು, ಎಷ್ಟು ಪುಟ, ಎಷ್ಟನೆಯ ಮುದ್ರಣ, ಎಷ್ಟು ಪ್ರತಿ, ಬೆಲೆ ಏನು, ಎಲ್ಲ ಅದರಲ್ಲಿ ಇರುತ್ತದೆ. ನಮ್ಮ ಕಡೆ ಅಚ್ಚಾದ ಹಳೆಯ ಕವನ ಸಂಕಲನದ ಬೆನ್ನು ಹತ್ತುವವರು ಮೊದಲು ಆ ಪಟ್ಟಿ ನೋಡಬೇಕು. ಬಿಜಾಪುರ ಅಂತಲೇ ಹುಡುಕಿ; ಊರಿಗೆ ವಿಜಯಪುರ ಅಂತ ಸರ್ಕಾರಿ ಹೆಸರು ಬಂದದ್ದು 2014ರಲ್ಲಿ.

ಪಟ್ಟಿಯಿಂದ ಎಷ್ಟು ಅಚ್ಚಾಯಿತು ಅನ್ನುವುದು ತಿಳಿದೀತು. ಉಳಿದಿರುವ ಪ್ರತಿ ನೋಡಲು ಮನೆಮನೆ ತಿರುಗಬೇಕು. ಇಂಥ ಪುಸ್ತಕ ಕೊಂಡವರು ಯಾರು? ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಕನ್ನಡ ಶಾಲೆ ಮಾಸ್ತರರು, ಊರ ವಾಚನಾಲಯದವರು, ಮಠಗಳು. ಹೀಗಾಗಿ ನಾನು ಪುಸ್ತಕ ಕೇಳುವುದನ್ನೇ ಬಿಟ್ಟಿದ್ದೇನೆ. “ನಿಮ್ಮ ಅಜ್ಜಾರು ಮಾಸ್ತರಿಕಿ ಮಾಡ್ತಿದ್ರಲ್ರಿ?” ಅಂತ ಶುರು ಮಾಡುತ್ತೇನೆ. ಆಮೇಲೆ ಚಹಾ ಬರುತ್ತದೆ, ಅಟ್ಟದಿಂದ ಟ್ರಂಕು ಇಳಿಯುತ್ತದೆ. ಹೆಚ್ಚಾಗಿ ಪಂಚಾಂಗ, ಪುರಾಣ, ಗೆದ್ದಲು.

ಕೈಗೆ ಸಿಕ್ಕ ಮೇಲೂ ಪಂಚಾಯ್ತಿ ಮುಗಿಯುವುದಿಲ್ಲ. ಆ ಕಾಲದ ಅಗ್ಗದ ಕಾಗದ ಮಡಿಕೆಯಲ್ಲೇ ಮುರಿಯುತ್ತದೆ, ಪಿನ್ನಿನ ತುಕ್ಕು ಪುಟದೊಳಗೆ ಇಳಿದಿರುತ್ತದೆ. ಮೊದಲು ಕಳಚಿ ಬೀಳುವುದೇ ರಟ್ಟು ಮತ್ತು ಮೊದಲಿನ ಎರಡು ಹಾಳೆ. ನಮಗೆ ಬೇಕಾದ ಮುದ್ರಣದ ವಿವರ ಇರುವುದೂ ಅಲ್ಲೇ. ವಾಚನಾಲಯದ ಪ್ರತಿಯಾದರೆ ಬೈಂಡಿಂಗಿನವನು ಅಂಚು ಕತ್ತರಿಸಿ, ಹಳೆಯ ರಟ್ಟು ಕಿತ್ತು ಒಗೆದಿರುತ್ತಾನೆ. ಅವನ ಮೇಲೆ ನನಗೆ ಗೆದ್ದಲಿಗಿಂತ ಹೆಚ್ಚು ಸಿಟ್ಟು.

ಬೆಲೆ ಆಣೆಯಲ್ಲಿದ್ದರೆ ಮೊದಲ ಮುದ್ರಣ ಅಂತ ಕೆಲವರು ಹಿಗ್ಗುತ್ತಾರೆ. ಆಣೆ ಹೋಗಿ ನಯೆ ಪೈಸೆ ಬಂದದ್ದು 1957ರಲ್ಲಿ. ಅಷ್ಟರೊಳಗೆ ಒಂದು ಪುಸ್ತಕ ಎರಡು ಮೂರು ಸಲ ಅಚ್ಚಾಗಿರಬಹುದು. ಪುಟದ ಹಿಂದೆ ಬೆರಳಾಡಿಸಿದರೆ ಅಚ್ಚಿನ ಮೊಳೆ, ಅಂದರೆ ಸೀಸದ ಅಕ್ಷರ, ಒತ್ತಿದ ಉಬ್ಬು ಹತ್ತುತ್ತದೆ ಅನ್ನುವುದೂ ಅಷ್ಟೇ, ಅದು ಎಷ್ಟೋ ದಶಕಗಳ ನಂತರದ ಮುದ್ರಣದಲ್ಲೂ ಹತ್ತುತ್ತದೆ. ಇಸವಿಯ ಬದಲು ಸಂವತ್ಸರ ಹಾಕಿದ್ದರೆ ಇನ್ನೊಂದು ತೊಡಕು. ಶ್ರೀಮುಖ ಸಂವತ್ಸರ 1933ರ ಯುಗಾದಿಗೆ ಶುರುವಾಗಿ 1934ರ ಯುಗಾದಿಯವರೆಗೆ ನಡೆಯಿತು. ಆ ಹೆಸರು ಕಂಡ ಕೂಡಲೇ ಒಬ್ಬ ಗ್ರಂಥಪಾಲ 1933 ಅಂತ ಬರೆದರೆ ಇನ್ನೊಬ್ಬ 1934 ಅನ್ನುತ್ತಾನೆ. ಒಂದೇ ಪುಸ್ತಕ ಎರಡು ಮುದ್ರಣ ಕಂಡಂತೆ ತೋರುತ್ತದೆ.

ಪ್ರತಿ ಸಿಕ್ಕರೆ ನಾನು ಕೊಳ್ಳುವುದಿಲ್ಲ. ರೊಕ್ಕದ ಮಾತು ಬಂದರೆ ಮುಂದಿನ ಮನೆಯ ಟ್ರಂಕು ಇಳಿಯುವುದಿಲ್ಲ. ಒಳಮುಖಪುಟ, ಅದರ ಹಿಂಬದಿ, ಕೊನೆಯ ಪುಟ, ರಟ್ಟಿನ ಎರಡೂ ಬದಿ, ಮಾಲಕರ ಸಹಿ ಅಥವಾ ವಾಚನಾಲಯದ ಶಿಕ್ಕಾ ಇದ್ದರೆ ಅದು, ಇಷ್ಟರ ಫೋಟೋ ಸಾಕು. ನಿಮ್ಮ ಮನೆಯದನ್ನು ರದ್ದಿಗೆ ಹಾಕುವ ಮುಂಚೆ ಇಷ್ಟು ತೆಗೆದಿಡಿ. ಮೊದಲ ಹಾಳೆ ಹರಿದಿದ್ದರೂ ಬೇಕು, ಪುಟಸಂಖ್ಯೆ ಪಟ್ಟಿಗೆ ತಾಳೆ ಹಾಕಿ ನೋಡಬಹುದು.