ಬಲಕ್ಕೆ ನೋಡಿ ಸ್ವಾಮಿ

ಮೊನ್ನೆ ಶನಿವಾರ ಸಂಜೆ ಮೈಸೂರಿನ ಹಾರ್ಡಿಂಜ್ ಸರ್ಕಲ್‌ನಲ್ಲಿ ಎರಡು ಸುತ್ತು ಹಾಕಿದೆ. ಬೇಕಂತ ಅಲ್ಲ, ಹೊರಗೆ ಬರೋಕೇ ಆಗಲಿಲ್ಲ. ಇಂಡಿಕೇಟರ್ ಹಾಕಿಕೊಂಡು ಎಡಕ್ಕೆ ಸರಿಯೋಣ ಅಂದರೆ ಒಂದರ ಹಿಂದೊಂದು ಆಟೋ, ಸ್ಕೂಟರ್ ನುಗ್ಗುತ್ತಲೇ ಇದ್ದವು, ಅಷ್ಟರಲ್ಲಿ ನನ್ನ ರಸ್ತೆಯೇ ದಾಟಿಹೋಯಿತು. ಪಕ್ಕದಲ್ಲಿದ್ದ ಮಗಳು "ಅಪ್ಪಾ, ಇನ್ನೊಂದು ಹಾಕ್ಬಿಡು, ಒಡೆಯರಿಗೆ ಮೂರು ಪ್ರದಕ್ಷಿಣೆ ಆಗುತ್ತೆ" ಅಂದಳು. (ಈಗ ಅದು ಜಯಚಾಮರಾಜೇಂದ್ರ ಒಡೆಯರ್ ವೃತ್ತ. ನಮ್ಮ ಬಾಯಲ್ಲಿ ಇನ್ನೂ ಹಾರ್ಡಿಂಜೇ.)

ನಾನು ಕಾರು ಕಲಿತ ಡ್ರೈವಿಂಗ್ ಸ್ಕೂಲಿನಲ್ಲಿ ಎಂಟು ಹಾಕೋದು ಹೇಳಿಕೊಟ್ಟರು, ರಿವರ್ಸ್ ಹೇಳಿಕೊಟ್ಟರು, ಸರ್ಕಲ್ ಬಗ್ಗೆ ಒಂದು ಮಾತೂ ಆಡಲಿಲ್ಲ. ನಿಯಮ ಇಲ್ಲ ಅಂತಲ್ಲ. 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲೇ ಇದೆ: ಸರ್ಕಲ್ ಒಳಗೆ ಆಗಲೇ ಇರುವ ಗಾಡಿಗೆ ದಾರಿ ಬಿಟ್ಟು ಆಮೇಲೆ ಒಳಗೆ ಹೋಗಬೇಕು. ನಾವು ರಸ್ತೆಯ ಎಡಕ್ಕೆ ಓಡಿಸುವವರು, ಹಾಗಾಗಿ ಒಳಗಿನ ಗಾಡಿ ಬರೋದು ನಮ್ಮ ಬಲದಿಂದ. ಬಲಕ್ಕೆ ನೋಡಿ, ಖಾಲಿ ಇದ್ದರೆ ನುಗ್ಗಿ. ಇಷ್ಟೇ.

ಇದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ. ಒಳಗಿರುವವನು ಹೊರಗಿನವನಿಗಾಗಿ ನಿಂತರೆ ಅವನ ಹಿಂದಿನವನೂ ನಿಲ್ಲುತ್ತಾನೆ, ಆ ಹಿಂದಿನವನ ಬಾಲ ಇನ್ನೊಂದು ರಸ್ತೆಯ ಬಾಯಿಗೆ ಅಡ್ಡ ಬರುತ್ತದೆ, ನೋಡನೋಡುತ್ತಿದ್ದಂತೆ ಯಾರೂ ಹೊರಗೆ ಹೋಗಲಾಗದ ಹಾಗೆ ಸರ್ಕಲ್ ತುಂಬಿಹೋಗುತ್ತದೆ. ಬ್ರಿಟನ್ನಿನಲ್ಲೂ ಇದೇ ತಲೆನೋವಿತ್ತು. ಬಲದಿಂದ ಬರುವವರಿಗೆ ದಾರಿ ಬಿಡಿ ಅಂತ 1966ರಲ್ಲಿ ನಿಯಮ ಮಾಡಿದ ಮೇಲೆ ಅಲ್ಲಿನ ಸರ್ಕಲ್‌ಗಳು ಉಸಿರಾಡಿದವು.

ನಾವು ಏನು ಮಾಡುತ್ತೇವೆ? ಸರ್ಕಲ್ ಕೈಕೊಟ್ಟಿತು ಅಂತ ಅದರ ಮೇಲೇ ಸಿಗ್ನಲ್ ನೆಡುತ್ತೇವೆ. ಸರ್ಕಲ್ ನಡೆಯೋದು ಎಲ್ಲರೂ ನಿಧಾನವಾಗಿ ಚಲಿಸುತ್ತಿದ್ದರೆ, ಸಿಗ್ನಲ್ ನಡೆಯೋದು ನಿಲ್ಲಿಸುವುದರಿಂದ. ತುಂಬ ದೊಡ್ಡ ಸರ್ಕಲ್ ಆದರೆ ಎರಡೂ ಒಟ್ಟಿಗೆ ಬಾಳಬಹುದು, ಒಳಗೆ ನಿಲ್ಲಲು ಜಾಗ ಇರುತ್ತದೆ. ಜಟಕಾ ಗಾಡಿ ಕಾಲದ ಸರ್ಕಲ್‌ನಲ್ಲಿ ಎಂಟು ಕಾರು ನಿಂತರೆ ಒಂಬತ್ತನೆಯದು ಪಕ್ಕದ ರಸ್ತೆಗೆ ಅಡ್ಡ. ಅವರಿಗೆ ಹಸಿರು ಬಿದ್ದಿರುತ್ತೆ, ಹೋಗೋಕೆ ಜಾಗ ಇರಲ್ಲ. ಫ್ರೀ ಲೆಫ್ಟ್ ಅಂತ ಬೋರ್ಡ್ ಹಾಕಿದ ಕಡೆ ನೇರ ಹೋಗುವವರೇ ನಿಂತಿರುತ್ತಾರೆ, ಅದರ ಬಗ್ಗೆ ಮಾತಾಡೋದೇ ದಂಡ.

ಒಂದು ಮಧ್ಯಾಹ್ನ ಸಿಗ್ನಲ್ ಕೆಟ್ಟಿತ್ತು, ಪೊಲೀಸರೂ ಇರಲಿಲ್ಲ, ನಾನು ದಿನಕ್ಕಿಂತ ಬೇಗ ದಾಟಿದೆ. ಸಂಜೆ ಆರಕ್ಕೆ ಹಾಗೇ ಆಗಿದ್ದರೆ ಅಲ್ಲೇ ರಾತ್ರಿ ಊಟ ಮಾಡಬೇಕಿತ್ತು, ಅದನ್ನೂ ಒಪ್ಪುತ್ತೇನೆ.

ಬೆಂಗಳೂರಿನ ತಮ್ಮನ ಹತ್ತಿರ ಗೋಳು ಹೇಳಿಕೊಂಡರೆ "ನಿಮಗೆ ಸರ್ಕಲ್ ಆದರೂ ಇದೆಯಲ್ಲ ಅಣ್ಣ, ನಮ್ಮಲ್ಲಿ ಎಷ್ಟೋ ಕಡೆ ಅದು ಹೆಸರಿನಲ್ಲಿ ಮಾತ್ರ" ಅನ್ನುತ್ತಾನೆ. 2022ರಲ್ಲಿ ಅಲ್ಲಿನ ಕೆಲವು ಸಿಗ್ನಲ್‌ಗಳ ಕೆಂಪು ದೀಪವನ್ನು ಹೃದಯದ ಆಕಾರಕ್ಕೆ ಬದಲಿಸಿದ್ದರು, ಆರೋಗ್ಯದ ಜಾಗೃತಿಗಂತೆ. ನೋಡುತ್ತಾ ಕೂರಲು ಟೈಮಂತೂ ಬೇಕಾದಷ್ಟು ಇತ್ತು.

ನನ್ನ ಕೇಳಿದರೆ ಬೇಕಾಗಿರೋದು ಜಾಸ್ತಿ ಏನಿಲ್ಲ. ಸರ್ಕಲ್‌ನ ಬಾಯಲ್ಲಿ ದಪ್ಪ ಬಿಳಿ ಗೆರೆ, ಅಲ್ಲೇ "ಬಲಕ್ಕೆ ದಾರಿ ಬಿಡಿ" ಅಂತ ಕನ್ನಡದಲ್ಲಿ ಬೋರ್ಡು. ಬಾಯಿ ಸ್ವಲ್ಪ ಕಿರಿದಾಗಬೇಕು, ಅಗಲ ಇದ್ದಷ್ಟೂ ನಾವು ಬ್ರೇಕ್ ಮುಟ್ಟಲ್ಲ. ಹೊರಗೆ ಹೋಗುವ ರಸ್ತೆಯ ತುದಿಯಲ್ಲೇ ಬಸ್ ಸ್ಟಾಪ್ ಇಡಬಾರದು.

ಮಗಳಿಗೆ ಈಗ ಎಲ್ ಬೋರ್ಡ್. ನಿನ್ನೆ ಬೆಳಿಗ್ಗೆ ಅವಳೇ ಓಡಿಸಿದಳು. ಸರ್ಕಲ್ ಬಾಯಲ್ಲಿ ನಿಂತು ಬಲಕ್ಕೆ ನೋಡಿದಳು, ಒಂದು ಸಿಟಿ ಬಸ್ಸು ಬರುತ್ತಿತ್ತು, ಕಾದಳು. ಹಿಂದಿನಿಂದ ಹಾರ್ನೋ ಹಾರ್ನು. ಒಬ್ಬ ಪಕ್ಕಕ್ಕೆ ಬಂದು "ಏನಮ್ಮಾ, ನಿದ್ದೆನಾ?" ಅಂತ ಕೂಗಿ ಬಸ್ಸಿನ ಮುಂದೆಯೇ ನುಗ್ಗಿದ. ಬಸ್ಸು ನಿಂತಿತು, ಹಿಂದಿನ ನಾಲ್ಕು ಕಾರೂ ನಿಂತವು. ಅವಳು ಗೇರ್ ನ್ಯೂಟ್ರಲ್‌ಗೆ ಹಾಕಿ, ಕ್ಲಚ್ ಬಿಟ್ಟು ಕೂತಳು.